ಮರೆಗೆ ಗೋಡೆಯೇ ಏಕೆ? ಆಡುಸೋಗೆಯ ಬೇಲಿಯ ಪರವಾಗಿ

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಕಣಿವೆ ಮುಳುಗಿದ ಮೇಲೆ ಹೊಳೆಬಾಗಿಲಿನ ದಡದಲ್ಲಿ ಲಾಂಚಿಗಾಗಿ ಕಾಯುವುದೇ ಕರೂರು ಸೀಮೆಯ ಜನರ ದಿನಚರಿಯಾಗಿತ್ತು. ಬಸುರಿಯರು, ರೋಗಿಗಳು, ಪರೀಕ್ಷೆಗೆ ಹೊರಟ ಮಕ್ಕಳು ನೀರಿನ ಮರ್ಜಿಗೆ ತಲೆಬಾಗಿ ಬದುಕಿದ ಆ ದಶಕಗಳನ್ನು ಬಲ್ಲವರಾರೂ ಸೇತುವೆ ಬೇಡವಾಗಿತ್ತೆಂದು ಹೇಳಲಾರರು. ನಾಡಿಗೆ ಬೆಳಕು ಕೊಡಲು ಮುಳುಗಿದವರಿಗೆ ಅದು ಬಹಳ ತಡವಾಗಿ ಸಂದ ಋಣ.

ಆದರೆ ದಾರಿಯ ಜತೆಗೆ ಇನ್ನೊಂದು ಬರುತ್ತದೆ: ದಾರಿಹೋಕರ ನೋಟ. ಮಲೆನಾಡಿನ ಒಂಟಿಮನೆಗೆ ಮರೆ ಎಂಬುದು ಎಂದೂ ಪ್ರತ್ಯೇಕವಾಗಿ ಕಟ್ಟಿಕೊಳ್ಳಬೇಕಾದ ವಸ್ತುವಾಗಿರಲಿಲ್ಲ. ಕಾಡು, ತೋಟ, ದರೆ, ನೀರು, ಇವೇ ಅದಕ್ಕೆ ಮರೆಯಾಗಿದ್ದವು. ಈಗ ಅಂಗಳದ ಅಂಚಿನಲ್ಲಿಯೇ ವಾಹನಗಳು ಸಾಗುತ್ತವೆ. ಅಡಿಕೆ ಒಣಗಿಸುವ ಅಜ್ಜಿ, ಬಚ್ಚಲಿನಿಂದ ಹೊರಬರುವ ಸೊಸೆ, ಕೊಟ್ಟಿಗೆಯ ಕೆಲಸದಲ್ಲಿರುವ ಮಗಳು, ಇವರೆಲ್ಲ ಅಪರಿಚಿತರ ಕಣ್ಣಿಗೆ, ಅವರ ಮೊಬೈಲಿನ ಕ್ಯಾಮೆರಾಕ್ಕೆ ತೆರೆದುಕೊಳ್ಳುತ್ತಾರೆ. ಹೊಳೆಬಾಗಿಲಿನ ಎರಡೂ ದಡಗಳಲ್ಲಿ ಮಾತ್ರವಲ್ಲ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ರಸ್ತೆ ಅಗಲವಾದಲ್ಲೆಲ್ಲ ಇದೇ ಕಥೆ. ಹೀಗಾಗಿ ಮರೆ ಬೇಕೆಂಬ ಆಸೆ ನ್ಯಾಯವಾದದ್ದು. ಪ್ರಶ್ನೆ ಇರುವುದು ಆ ಮರೆಯನ್ನು ಯಾವುದರಿಂದ ಮಾಡಿಕೊಳ್ಳಬೇಕು ಮತ್ತು ಅದರ ಬೆಲೆಯನ್ನು ಯಾರು ತೆರಬೇಕು ಎಂಬಲ್ಲಿ.

ಪೇಟೆ ಮಾರುವ ಮೂರು ಮರೆಗಳು

ಮರೆ ಬೇಕೆಂದು ಪೇಟೆಗೆ ಹೋದವನಿಗೆ ಮೂರು ಸರಕುಗಳು ಸಿಗುತ್ತವೆ. ಮೊದಲನೆಯದು ಸಿಮೆಂಟ್ ಇಟ್ಟಿಗೆಯ ಗೋಡೆ. ಆಗುಂಬೆ ಮತ್ತು ಹುಲಿಕಲ್ಲುಗಳು ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ತಾಣಗಳ ಸಾಲಿನಲ್ಲಿವೆ. ಇಂಥ ಸೀಮೆಯ ಇಳಿಜಾರಿನಲ್ಲಿ ಕಟ್ಟಿದ ಗೋಡೆ ಮೊದಲು ತಡೆಯುವುದು ದಾರಿಹೋಕನ ಕಣ್ಣನ್ನಲ್ಲ, ನೀರನ್ನು. ಗುಡ್ಡದಿಂದ ನೂರು ಕಡೆ ಹಂಚಿಕೊಂಡು ಇಳಿಯುತ್ತಿದ್ದ ನೀರು ಗೋಡೆಯ ಬುಡದಲ್ಲಿ ಒಂದಾಗಿ, ಗೋಡೆ ಮುಗಿದಲ್ಲಿ ಕೊರಕಲಾಗಿ ಹರಿಯುತ್ತದೆ. ಹಾಗೆ ಹರಿಯುವ ಜಾಗ ಸಾಮಾನ್ಯವಾಗಿ ಪಕ್ಕದವನ ಗದ್ದೆಯೇ ಆಗಿರುತ್ತದೆ. ನೀರು ಹೊರಹೋಗಲು ಕಿಂಡಿಯಿಲ್ಲದ ಗೋಡೆ ನೆನೆದ ಮಣ್ಣಿನ ಭಾರಕ್ಕೆ ಒಂದು ದಿನ ತಾನೇ ಒರಗುತ್ತದೆ. ಆಮೆ, ಮುಳ್ಳುಹಂದಿ, ಮೊಲ, ಬರ್ಕದಂಥ ಪ್ರಾಣಿಗಳಿಗಂತೂ ಗೋಡೆಯೆಂದರೆ ದಾರಿಯ ಕೊನೆ.

ಎರಡನೆಯದು ಮುಳ್ಳುತಂತಿ ಮತ್ತು ಅದಕ್ಕೆ ಕಟ್ಟುವ ಹಸಿರು ಬಣ್ಣದ ಪ್ಲಾಸ್ಟಿಕ್ ಬಲೆ. ತಂತಿಗೆ ಮರೆ ಮಾಡುವ ಶಕ್ತಿ ಇಲ್ಲ, ಬಲೆಗೆ ಬಾಳಿಕೆ ಇಲ್ಲ. ಬಿಸಿಲಿಗೆ ಪುಡಿಯಾಗಿ, ಗಾಳಿಮಳೆಗೆ ಹರಿದು, ಬಲೆಯ ಎಳೆಗಳು ತೋಟದ ಕಪ್ಪಿಗೂ ದನದ ಬಾಯಿಗೂ ಹೋಗುತ್ತವೆ. ಗಿಡದ ಬಣ್ಣ ಬಳಿದುಕೊಂಡ ಪ್ಲಾಸ್ಟಿಕ್ಕನ್ನು ‘ಹಸಿರು ಪರದೆ’ ಎಂದು ಕರೆಯುವುದು ಈ ಕಾಲದ ಭಾಷೆಗೆ ಬಂದ ರೋಗ.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಮೋಸದ್ದು, ಏಕೆಂದರೆ ಅದು ನಿಜವಾಗಿಯೂ ಗಿಡ. ನರ್ಸರಿಗಳಲ್ಲಿ ಸಾಲಾಗಿ ನಿಂತ ಹಳದಿ ಎಲೆಯ ದುರಂಟಾ ಉಷ್ಣವಲಯದ ಅಮೆರಿಕದ್ದು. ಮಳೆಗಾಲದಲ್ಲಿ ವಾರವಾರಕ್ಕೆ ಚಿಗುರಿ ಕತ್ತರಿಗೆ ಕೆಲಸ ಕೊಡುತ್ತದೆ. ಅದರ ಕಿತ್ತಳೆ ಬಣ್ಣದ ಹಣ್ಣು ಮಕ್ಕಳಿಗೆ ವಿಷ. ಅದರ ಹೆಸರಿನಲ್ಲಿಯೇ ಕನ್ನಡಿಗರಿಗೆ ಒಂದು ಎಚ್ಚರಿಕೆ ಅಡಗಿದೆಯೆಂದು ನಗುವವರೂ ಇದ್ದಾರೆ. ಬೇಗ ಬೆಳೆದು ಗೋಡೆಯಂತೆ ನಿಲ್ಲುತ್ತದೆಂಬ ಕಾರಣಕ್ಕೆ ನಗರಗಳಲ್ಲಿ ಮೆರೆದ ಇನ್ನೊಂದು ಗಿಡ ಕೊನೊಕಾರ್ಪಸ್. ರಸ್ತೆಬದಿಗಳಲ್ಲಿ, ಬಡಾವಣೆಗಳಲ್ಲಿ ಅದನ್ನು ಉತ್ಸಾಹದಿಂದ ನೆಟ್ಟ ಗುಜರಾತ್, ಪರಿಸರಕ್ಕೂ ಜನರ ಆರೋಗ್ಯಕ್ಕೂ ಅದು ಹಾನಿಕರವೆಂದು 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಬೇಕಾಯಿತು. ನೆಟ್ಟವರೇ ಕೀಳುವ ಸ್ಥಿತಿಗೆ ಬರಲು ಬಹಳ ವರ್ಷಗಳೇನೂ ಹಿಡಿಯಲಿಲ್ಲ.

ಬೇಲಿಯೇ ಎದ್ದು ಕಾಡು ಮೇಯ್ದದ್ದು

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯನ್ನು ಜನ ಅಧಿಕಾರಸ್ಥರ ಬಗ್ಗೆ ಬಳಸುತ್ತಾರೆ. ಆದರೆ ಭಾರತದ ಕಾಡುಗಳಲ್ಲಿ ಅದು ಅಕ್ಷರಶಃ ನಡೆದಿದೆ. ಆ ಬೇಲಿಯ ಹೆಸರು ಲಂಟಾನ. ಅಮೆರಿಕ ಮೂಲದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬಣ್ಣಬಣ್ಣದ ಹೂ, ವರ್ಷವಿಡೀ ಹಸಿರು, ದನ ಮುಟ್ಟದು, ಆರೈಕೆ ಬೇಡ, ಬೇಲಿಗೆ ಹೇಳಿ ಮಾಡಿಸಿದ್ದು ಎಂಬುದೇ ಅದರ ಪರವಾಗಿದ್ದ ವಾದ. ಇಂದಿನ ನರ್ಸರಿಗಳ ಫಲಕದ ಮಾತುಗಳಿಗೂ ಈ ವಾದಕ್ಕೂ ಒಂದಕ್ಷರದ ವ್ಯತ್ಯಾಸವಿಲ್ಲ.

ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು. ಎರಡು ಶತಮಾನಗಳ ನಂತರ, ಭಾರತದ ಹುಲಿ ನೆಲೆಗಳ ಸುಮಾರು ಶೇಕಡಾ 40ರಷ್ಟು ಪ್ರದೇಶ ಲಂಟಾನದ ಬೆದರಿಕೆಗೆ ಒಳಗಾಗಿದೆಯೆಂದು ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಜಿಂಕೆ ಮೇಯಬೇಕಾದ ಹುಲ್ಲಿನ ಜಾಗದಲ್ಲಿ ಆಳೆತ್ತರದ ಲಂಟಾನದ ಪೊದೆ ನಿಂತಿದೆ. ಬೇಲಿಗೆಂದು ಬಂದದ್ದು ಬೇಲಿಯ ಗೆರೆಯನ್ನು ಒಪ್ಪಲಿಲ್ಲ. ಅಂಗಳದ ಅಂಚಿನಲ್ಲಿ ಒಬ್ಬ ಮನೆಯೊಡೆಯ ಏನನ್ನು ನೆಡುತ್ತಾನೆಂಬುದು ಅವನೊಬ್ಬನ ವಿಷಯವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಮರೆಯ ಹಕ್ಕು ಮನೆಯದು. ಬೇಲಿಯ ಪರಿಣಾಮ ಊರಿನದು.

ಈ ಪಾಠವನ್ನು ಮಲೆನಾಡು ಇನ್ನೊಂದು ರೂಪದಲ್ಲಿಯೂ ಕಲಿತಿದೆ. 1980ರಲ್ಲಿ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 40 ವರ್ಷಗಳ ಗುತ್ತಿಗೆಯ ಮೇಲೆ ಅರಣ್ಯಭೂಮಿಯನ್ನು ಕೊಡಲಾಯಿತು. ಕಾನು, ಹುಲ್ಲುಗುಡ್ಡಗಳಿದ್ದಲ್ಲಿ ಆಸ್ಟ್ರೇಲಿಯಾ ಕಡೆಯ ಅಕೇಶಿಯಾ ಸಾಲುಸಾಲಾಗಿ ನಿಂತಿತು. ದೂರದಿಂದ ನೋಡಿದರೆ ಗುಡ್ಡ ಹಸಿರು. ಒಳಹೊಕ್ಕರೆ ಹುಲ್ಲಿಲ್ಲ, ಹಣ್ಣಿಲ್ಲ, ಹಕ್ಕಿಯ ದನಿ ವಿರಳ. 2020ರಲ್ಲಿ ಗುತ್ತಿಗೆಯ ಅವಧಿ ಮುಗಿದು, ಅದನ್ನು ಮುಂದುವರಿಸುವ ಮಾತು ಬಂದಾಗ, ಕಾರ್ಖಾನೆಯ ಯಂತ್ರಗಳು ಅದಕ್ಕೂ ಮೊದಲೇ ನಿಂತುಹೋಗಿದ್ದವು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಕೂಗು ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಿಂದ ಎದ್ದದ್ದು ಆಗಲೇ. ಆ ಕೂಗಿಗೆ ದನಿಗೂಡಿಸಿದ ಊರುಗಳಲ್ಲಿಯೇ ಮನೆಮುಂದೆ ದುರಂಟಾ ನೆಡುವುದಾದರೆ, ಗುಡ್ಡದ ಮೇಲೆ ನಿರಾಕರಿಸಿದ್ದನ್ನು ಅಂಗಳದಲ್ಲಿ ಒಪ್ಪಿಕೊಂಡಂತೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪರದೇಶದಿಂದ ಬಂದದ್ದೆಂಬುದೊಂದೇ ಗಿಡದ ಅಪರಾಧವಲ್ಲ. ಮೆಣಸಿನಕಾಯಿ, ಗೋಡಂಬಿ, ಅನಾನಸು ಎಲ್ಲವೂ ಅಮೆರಿಕದಿಂದ ಬಂದವು. ಗೊಬ್ಬರದ ಗಿಡವೆಂದು ರೈತರು ಅಕ್ಕರೆಯಿಂದ ಕರೆಯುವ ಗ್ಲಿರಿಸಿಡಿಯಾ ಕೂಡ ಅಲ್ಲಿಯದೇ. ಅದು ಕಾಡಿಗೆ ನುಗ್ಗಿ ಹಾವಳಿ ಮಾಡಿಲ್ಲ; ಸೊಪ್ಪು ಕೊಟ್ಟಿದೆ. ಆದರೆ ಬೇಸಿಗೆಯ ಮೊದಲೇ ಎಲೆಯುದುರಿಸಿ ಬೆತ್ತಲೆ ನಿಲ್ಲುವುದರಿಂದ ಮರೆಗೆ ಅದು ಆಗದು. ಗಿಡಕ್ಕೆ ಕೇಳಬೇಕಾದ ಪ್ರಶ್ನೆಗಳು ಮೂರು: ಇಟ್ಟಲ್ಲಿ ಇರುತ್ತದೆಯೇ? ಸುತ್ತಲಿನ ಜೀವಕ್ಕೆ ಏನಾದರೂ ಕೊಡುತ್ತದೆಯೇ? ಹನ್ನೆರಡು ತಿಂಗಳೂ ಎಲೆ ಹೊತ್ತು ನಿಲ್ಲುತ್ತದೆಯೇ?

ಮುತ್ತಜ್ಜಿಗೆ ಗೊತ್ತಿದ್ದ ಉತ್ತರ

ಈ ಮೂರು ಪ್ರಶ್ನೆಗಳಿಗೂ ಹೌದೆನ್ನುವ ಗಿಡ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹಳೆಯ ಮನೆಗಳ ಹಿತ್ತಿಲಿನ ಅಂಚಿನಲ್ಲಿ, ದರೆಯ ಮೇಲೆ, ಬಾವಿಯ ದಾರಿಯಲ್ಲಿ ಅದು ಇಂದಿಗೂ ನಿಂತಿದೆ. ಅದೇ ಆಡುಸೋಗೆ.

ಆಡು ಮುಟ್ಟದ ಸೊಪ್ಪಿಲ್ಲವೆಂದು ಗಾದೆ ಹೇಳುತ್ತದೆ. ಆ ಗಾದೆ ಸೋಲುವುದು ಈ ಗಿಡದ ಮುಂದೆ. ಎಲೆಯ ಕಹಿ ಮತ್ತು ವಾಸನೆಗಳಿಂದಾಗಿ ದನಕರುಗಳು, ಆಡುಗಳು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಹೀಗಾಗಿ ಬೇಲಿಯನ್ನು ಕಾಯಲು ಇನ್ನೊಂದು ಬೇಲಿ ಬೇಕಾಗುವುದಿಲ್ಲ. ಭಾರತ ಉಪಖಂಡದ್ದೇ ಆದ ಈ ನಿತ್ಯಹರಿದ್ವರ್ಣದ ಪೊದೆ ಆಳೆತ್ತರವನ್ನು ಮೀರಿ ಬೆಳೆಯುತ್ತದೆ. ಉದ್ದನೆಯ ಅಗಲ ಎಲೆಗಳು ಒತ್ತೊತ್ತಾಗಿ ಬರುವುದರಿಂದ ಮುಳ್ಳಿಲ್ಲದೆಯೂ ದಟ್ಟ ಮರೆಯಾಗುತ್ತದೆ. ಬೀಜ, ನರ್ಸರಿ, ಪ್ಲಾಸ್ಟಿಕ್ ಚೀಲ ಯಾವುದೂ ಬೇಡ. ಬಲಿತ ಕೊಂಬೆಯ ತುಂಡನ್ನು ಮಳೆಗಾಲದಲ್ಲಿ ಊರಿದರೆ ಬೇರು ಬಿಡುತ್ತದೆ. ಅರೆನೆರಳನ್ನು ಸಹಿಸುತ್ತದೆ, ಎಷ್ಟು ಕಡಿದರೂ ಮತ್ತೆ ಚಿಗುರುತ್ತದೆ. ನೇರಳೆ ಗೆರೆಯ ಬಿಳಿ ಹೂಗಳಿಗೆ ಜೇನ್ನೊಣ, ದುಂಬಿಗಳು ಬರುತ್ತವೆ.

ಕೆಮ್ಮು ದಮ್ಮಿಗೆ ಆಡುಸೋಗೆಯ ಎಲೆಯನ್ನು ಆಯುರ್ವೇದ ಶತಮಾನಗಳಿಂದ ಬಳಸಿದೆ. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಕ್ಷಾರವಸ್ತುವಿನ ಜಾಡು ಹಿಡಿದೇ ಆಧುನಿಕ ಔಷಧಶಾಸ್ತ್ರ ಬ್ರೋಮ್‌ಹೆಕ್ಸಿನ್ ಎಂಬ ಕಫಹಾರಿಯನ್ನು ರೂಪಿಸಿತು. ಪಟ್ಟಣದ ಅಂಗಡಿಯಲ್ಲಿ ಬಾಟಲಿಯಾಗಿ ಮಾರಾಟವಾಗುವ ವಿದ್ಯೆಯ ಮೂಲ ಹಿತ್ತಿಲಿನ ಬೇಲಿಯಲ್ಲಿದೆ. ಆದರೆ ಬೇಲಿಯಲ್ಲಿದೆಯೆಂದು ಸಿಕ್ಕಂತೆ ಕುಡಿಯುವುದು ಜಾಣತನವಲ್ಲ. ಅದು ಗರ್ಭಕೋಶವನ್ನು ಸಂಕುಚಿತಗೊಳಿಸಬಲ್ಲದಾದ್ದರಿಂದ ಬಸುರಿಯರಿಗೆ ಕೊಡಲೇಬಾರದು.

ಆಡುಸೋಗೆ ಒಂದೇ ಸಾಕೆಂದೂ ಹೇಳಲಾಗದು. ಒಂದೇ ಗಿಡದ ಸಾಲು ಎಂಬುದು ಅಕೇಶಿಯಾ ತೋಪಿನ ಮನೋಧರ್ಮದ ಕಿರಿಯ ರೂಪ. ಮನೆಯ ಮುಂಭಾಗಕ್ಕೆ ಕೇಪಳವಿದೆ. ದಕ್ಷಿಣ ಭಾರತ, ಶ್ರೀಲಂಕೆಗಳ ಈ ನಿತ್ಯಹಸಿರಿನ ಪೊದೆ ಮಲೆನಾಡಿನ ಜಂಬಿಟ್ಟಿಗೆ ಗುಡ್ಡಗಳಲ್ಲಿ ತಾನೇ ತಾನಾಗಿ ಬೆಳೆಯುತ್ತದೆ. ಕೆಂಪು ಹೂಗೊಂಚಲಿನ ಕೊಳವೆಗಳಿಗೆ ದೊಡ್ಡ ಚಿಟ್ಟೆಗಳು ಮುತ್ತುತ್ತವೆ. ಹಣ್ಣು ಹಕ್ಕಿಗೂ ಶಾಲೆಯಿಂದ ಮರಳುವ ಮಕ್ಕಳಿಗೂ ಪಾಲು. ಹೂವು ತಂಬುಳಿಗೂ ಸಲ್ಲುತ್ತದೆ. ಅದರ ಬೆಳವಣಿಗೆ ನಿಧಾನ, ಆದ್ದರಿಂದಲೇ ಕತ್ತರಿಯ ಕೆಲಸ ಕಡಿಮೆ. ದನ ನುಗ್ಗುವ ಕಡೆಗೆ ಕವಳಿಯಿದೆ: ನಿತ್ಯಹಸಿರು, ಗಟ್ಟಿ ಮುಳ್ಳು, ಉಪ್ಪಿನಕಾಯಿಗೆ ಕಾಯಿ. ಬಿಸಿಲು ಹೊಡೆಯುವ ಒಣ ದರೆಗೆ ಲಕ್ಕಿಯಿದೆ. ಬೇಸಿಗೆಯಲ್ಲಿ ಅದು ಸ್ವಲ್ಪ ತೆಳುವಾದರೂ ಪಕ್ಕದ ಆಡುಸೋಗೆ ಆ ತೆರವನ್ನು ಮುಚ್ಚುತ್ತದೆ. ತೋಡಿನ ಅಂಚಿಗೆ ಮುಂಡಿಗೆಯಿದೆ, ಅದರ ಬೇರು ದಂಡೆಯ ಮಣ್ಣನ್ನು ಹಿಡಿದಿಡುತ್ತದೆ. ಹೀಗೆ ನೆಲಕ್ಕೆ ತಕ್ಕ ಗಿಡ ಎಂಬುದು ಮಲೆನಾಡಿನ ಹಳೆಯ ಬೇಲಿಗಳ ತತ್ತ್ವ. ಅಗಳು ತೋಡಿ, ತೋಡಿದ ಮಣ್ಣನ್ನು ದರೆಯಾಗಿಸಿ, ದರೆಯ ಮೇಲೆ ಗಿಡ ಊರಿ, ನಡುವೆ ದಣಪೆಯನ್ನೋ ಉಣುಗೋಲನ್ನೋ ತಡಬೆಯನ್ನೋ ಇಟ್ಟ ಆ ಏರ್ಪಾಡಿನಲ್ಲಿ ನೀರಿಗೂ ದನಕ್ಕೂ ಮನುಷ್ಯನಿಗೂ ಬೇರೆಬೇರೆ ದಾರಿಗಳಿದ್ದವು.

ಒಣಬೇಲಿಯ ಲೆಕ್ಕ

ಜೀವಂತ ಬೇಲಿ ಅಗ್ಗವೆಂಬುದನ್ನು ಮಲೆನಾಡಿನ ಮುತ್ತಜ್ಜಿಯ ಮಾತಾಗಿ ಹೇಳಿದರೆ ವಿದ್ಯಾವಂತರು ನಂಬಲಿಕ್ಕಿಲ್ಲ. ವಸಾಹತು ಸರ್ಕಾರದ ಲೆಕ್ಕಪತ್ರವನ್ನಾದರೂ ನಂಬಬಹುದು. 19ನೆಯ ಶತಮಾನದಲ್ಲಿ ಉಪ್ಪಿನ ಸುಂಕ ತಪ್ಪಿಸುವವರನ್ನು ತಡೆಯಲು ಬ್ರಿಟಿಷರು ಸಿಂಧೂ ಕಡೆಯಿಂದ ಮಹಾನದಿಯ ಕಡೆಯವರೆಗೆ ಸುಂಕದ ಗೆರೆಯೊಂದನ್ನು ಎಳೆದು, ಅದರುದ್ದಕ್ಕೂ ಬೇಲಿ ಹಾಕಿಸಿದರು. ಮೊದಲು ಹಾಕಿದ್ದು ಒಣ ಮುಳ್ಳಿನ ಬೇಲಿ. 1867ರಿಂದ 1870ರವರೆಗೆ ಸುಂಕದ ಆಯುಕ್ತನಾಗಿದ್ದ, ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನಾದ ಎ.ಒ. ಹ್ಯೂಮ್ ಲೆಕ್ಕ ಹಾಕಿದ: ಒಂದು ಮೈಲಿ ಒಣಬೇಲಿಗೆ 250 ಟನ್ ಮುಳ್ಳುಕಂಟಿ ಬೇಕು. ಅದನ್ನು ಗೆದ್ದಲು ತಿನ್ನುತ್ತದೆ, ಬೆಂಕಿ ಸುಡುತ್ತದೆ, ಗಾಳಿ ಕೆಡವುತ್ತದೆ. ಹೀಗಾಗಿ ಅವನು ಆಯಾ ನೆಲದಲ್ಲಿ ಒಗ್ಗುವ ಗಿಡಗಳ ಜೀವಂತ ಬೇಲಿಯತ್ತ ತಿರುಗಿದ. ಬೋರೆ, ಜಾಲಿ, ಕಳ್ಳಿಗಳ ಜತೆಗೆ ಅಲ್ಲಿ ನೆಡಲಾದವುಗಳಲ್ಲಿ ಕವಳಿಯ ಬಳಗದ ಕರಂಡೆಯೂ ಒಂದು.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಸತ್ತ ಬೇಲಿಗಿಂತ ಬದುಕಿದ ಬೇಲಿ ಅಗ್ಗ ಎಂಬುದು ಒಂದು. ಅದು ಒಳ್ಳೆಯ ಗಿಡಗಳ ಬೇಲಿಯಾಗಿದ್ದರೂ ಬಡವನ ಉಪ್ಪಿಗೆ ಅಡ್ಡ ನಿಂತ ಕೆಟ್ಟ ಬೇಲಿಯಾಗಿತ್ತು ಎಂಬುದು ಇನ್ನೊಂದು. 1879ರಲ್ಲಿ ಸುಂಕದ ಆ ಗೆರೆಯನ್ನು ಕೈಬಿಟ್ಟಾಗ ಬೇಲಿಯೂ ಅನಾಥವಾಗಿ ಅಳಿಯಿತು.

ಗಿಡ ಸರಿ, ಗೆರೆ ಸರಿಯೇ?

ಎರಡನೆಯ ಪಾಠವನ್ನು ಪರಿಸರದ ಮಾತಾಡುವವರು ಸಾಮಾನ್ಯವಾಗಿ ನುಂಗಿಕೊಳ್ಳುತ್ತಾರೆ. ಬೇಲಿಯ ಗುಣ ಅರ್ಧ ಗಿಡದಲ್ಲಿದೆ, ಇನ್ನರ್ಧ ಅದು ನಿಂತ ಗೆರೆಯಲ್ಲಿದೆ. 18 ಮತ್ತು 19ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಸಾವಿರಾರು ಕಾಯಿದೆಗಳ ಮೂಲಕ ಊರೊಟ್ಟಿನ ಹುಲ್ಲುಗಾವಲುಗಳನ್ನು ಭೂಮಾಲೀಕರಿಗೆ ಹಂಚಿಕೊಟ್ಟಿತು. ಹಸು ಮೇಯಿಸುತ್ತಿದ್ದ ಬಡವರನ್ನು ಹೊರಗಿಟ್ಟ ಆ ಬೇಲಿಗಳು ಅಲ್ಲಿನ ನೆಲದ್ದೇ ಆದ ಹಾಥಾರ್ನ್ ಮುಳ್ಳುಗಿಡದವು. ಗಿಡ ದೇಶೀಯವಾದ ಮಾತ್ರಕ್ಕೆ ಅನ್ಯಾಯ ಹಸಿರಾಗುವುದಿಲ್ಲ.

ಮಲೆನಾಡಿನಲ್ಲಿ ‘ಬೇಲಿ ಹಾಕಿದ’ ಎಂಬ ಮಾತಿಗೆ ‘ಒತ್ತುವರಿ ಮಾಡಿದ’ ಎಂಬ ಅರ್ಥವೂ ಇದೆ. ವರ್ಷಕ್ಕೊಂದು ಮೊಳ ಹೊರಗೆ ಸರಿಯುವ ಬೇಲಿ ಗೋಮಾಳವನ್ನು, ಕಾನನ್ನು, ಸೊಪ್ಪಿನಬೆಟ್ಟವನ್ನು, ಶಾಲೆಗೆ ಹೋಗುವ ಕಾಲುದಾರಿಯನ್ನು ನುಂಗಿರುವುದು ಎಲ್ಲ ಊರುಗಳಿಗೂ ಗೊತ್ತು. ತುಂಡುಭೂಮಿಯ ಬಡವ ಹೊಟ್ಟೆಪಾಡಿಗೆ ಗುಡ್ಡದಂಚು ಹಿಡಿದದ್ದು ಬೇರೆ. ಹತ್ತೆಕರೆ ತೋಟದವನು ಊರಿನ ದಾರಿಗೆ ಅಡ್ಡ ಬೇಲಿ ಹೊಡೆಯುವುದು ಬೇರೆ. ರಸ್ತೆ ಸುಗಮವಾಗಿ ನೆಲದ ಬೆಲೆ ಏರುವಲ್ಲಿ ಎರಡನೆಯ ಬಗೆಯ ಬೇಲಿಯ ಆಸೆಯೂ ಏರುತ್ತದೆ. ಹೊರಗಿನಿಂದ ಬಂದು ಹಿನ್ನೀರಿನ ನೋಟವಿರುವ ಜಾಗ ಕೊಳ್ಳುವವನು ಆಡುಸೋಗೆಯನ್ನೇ ನೆಟ್ಟರೂ, ಅದು ಮೀನುಗಾರನು ನೀರಿಗಿಳಿಯುವ ದಾರಿಯನ್ನು ಮುಚ್ಚಿದರೆ ಅದು ಸುಂಕದ ಬೇಲಿಯೇ. ನೆಲ ಮುಳುಗಿಸಿಕೊಂಡ ಜನರಿಗೆ ನೀರಿನ ಅಂಚೂ ಇಲ್ಲವಾಗಬಾರದು. ಆದ್ದರಿಂದ ಮೊದಲು ಗೆರೆ, ಆಮೇಲೆ ಗಿಡ. ಕಾಲುದಾರಿಗೆ ತಡಬೆ, ನೀರಿಗೆ ತೆರವು, ಸಣ್ಣ ಪ್ರಾಣಿಗಳಿಗೆ ಬುಡದಲ್ಲಿ ನುಸುಳುದಾರಿ, ಇವಿಷ್ಟು ಉಳಿಸಿದ ಬೇಲಿ ಮಾತ್ರ ಊರಿನ ಬೇಲಿ.

ಎದುರುವಾದಗಳಿಗೆ ಉತ್ತರ

‘ಪೊದೆಯಿದ್ದರೆ ಹಾವು ಬರುತ್ತದೆ’ ಎಂಬುದು ಮೊದಲ ಆಕ್ಷೇಪ. ಹಾವು ಬರುವುದು ಇಲಿ, ಕಪ್ಪೆಗಳಿದ್ದಲ್ಲಿಗೆ. ಕಲ್ಲುಗೋಡೆಯ ಸಂದುಗಳಲ್ಲಿ, ಮನೆಯ ಪಕ್ಕ ಒಟ್ಟಿದ ಸೌದೆ, ಹೆಂಚುಗಳ ರಾಶಿಯಲ್ಲಿ ಅದಕ್ಕೆ ಇನ್ನೂ ಒಳ್ಳೆಯ ಆಸರೆಯಿದೆ. ಬೇಲಿಯನ್ನು ಮನೆಯ ಗೋಡೆಗೆ ತಾಗಿಸದೆ ಕೆಲವು ಮಾರು ದೂರದಲ್ಲಿಟ್ಟು, ನಡುವಿನ ಅಂಗಳ ಚೊಕ್ಕಟವಾಗಿಟ್ಟರೆ ಭಯಕ್ಕೆ ಕಾರಣವಿಲ್ಲ.

ಎರಡನೆಯ ಆಕ್ಷೇಪವನ್ನು ಹೀಗೆ ತಳ್ಳಿಹಾಕುವಂತಿಲ್ಲ. ಅದು ಮಂಗನ ಕಾಯಿಲೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರ ಪ್ರಾಣ ತೆಗೆಯಿತು. ಅದನ್ನು ಹರಡುವ ಉಣುಗುಗಳು ಕಾಡಿನ ತರಗೆಲೆಯ ನೆಲದಲ್ಲಿರುತ್ತವೆ, ದನಗಳ ಮೈಮೇಲೆ ಮನೆಯವರೆಗೂ ಬರುತ್ತವೆ. ಆದ್ದರಿಂದ ಮನೆ ಬಳಿಯ ಬೇಲಿಯ ಬುಡದಲ್ಲಿ ಒಣ ತರಗು ರಾಶಿಯಾಗಲು ಬಿಡಬಾರದು. ರೋಗದ ಕಾಲವಾದ ಡಿಸೆಂಬರಿನಿಂದ ಮೇವರೆಗಂತೂ ಬುಡವನ್ನು ಗುಡಿಸಿಟ್ಟು, ಕೆಳಗಿನ ಒಂದು ಗೇಣು ಬಿಡುವಾಗಿಡಬೇಕು. ಆದರೆ ಈ ಭಯ ನಿಜವಾಗಿ ದೂಷಿಸಬೇಕಾದದ್ದು ಆರೈಕೆಯಿಲ್ಲದೆ ಮನೆಯವರೆಗೂ ನುಗ್ಗಿದ ಲಂಟಾನದ ಪೊದೆಯನ್ನು. ವರ್ಷಕ್ಕೊಮ್ಮೆ ಸವರಿದ ಬೇಲಿ ಹಸಿಸೊಪ್ಪನ್ನೂ ಕೊಡುವುದರಿಂದ, ತೋಟಕ್ಕೆ ಸೊಪ್ಪು ತರಲು ಕಾಡಿಗೆ ಹೋಗುವ ಸಲಗಳಲ್ಲಿ ಒಂದೆರಡಾದರೂ ಉಳಿಯುತ್ತವೆ.

‘ಗೋಡೆ ಒಂದು ತಿಂಗಳಲ್ಲಿ ಏಳುತ್ತದೆ, ಗಿಡಕ್ಕೆ ವರ್ಷಗಳು ಬೇಕು’ ಎಂಬುದು ಮೂರನೆಯದು. ನಿಜ. ತಲೆಯೆತ್ತರದ ದಟ್ಟ ಮರೆಗೆ ಮೂರು ನಾಲ್ಕು ಮಳೆಗಾಲಗಳು ಬೇಕು. ಅಡಿಕೆ ಸಸಿ ನೆಟ್ಟು ಫಲಕ್ಕಾಗಿ ಅದಕ್ಕಿಂತಲೂ ಹೆಚ್ಚು ವರ್ಷ ಕಾಯುವ ಜನ ಬೇಲಿಗೆ ಕಾಯಲಾರರೆಂಬುದನ್ನು ನಂಬುವುದು ಕಷ್ಟ. ಅಲ್ಲಿಯವರೆಗೆ ಅಡಿಕೆದಬ್ಬೆಯ, ಸೋಗೆಯ ತಾತ್ಕಾಲಿಕ ತಟ್ಟಿ ಸಾಕು. ಮಂಗ, ಕಾಡುಹಂದಿಗಳನ್ನು ಈ ಬೇಲಿ ತಡೆಯುತ್ತದೆಯೇ? ಮಂಗನನ್ನು ಖಂಡಿತ ತಡೆಯದು; ಗೋಡೆಯೂ ತಡೆಯದು. ಮರೆಯ ಬೇಲಿಯಿಂದ ಕೋಟೆಯ ಕೆಲಸ ಕೇಳಬಾರದು.

ನೆಡುವ ಕ್ರಮ

ಮೃಗಶಿರ ಮಳೆ ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ, ಆರಿದ್ರಾ ಮುಗಿಯುವುದರೊಳಗೆ ಈ ಕೆಲಸ ಆಗಬೇಕು. ಆಡುಸೋಗೆಯ ಬಲಿತ, ಹೆಬ್ಬೆರಳು ದಪ್ಪದ ಕೊಂಬೆಗಳನ್ನು ಮುಕ್ಕಾಲು ಅಡಿ ಉದ್ದಕ್ಕೆ ಕತ್ತರಿಸಿ, ಕನಿಷ್ಠ ಎರಡು ಗೆಣ್ಣುಗಳು ಮಣ್ಣಿನೊಳಗಿರುವಂತೆ ಊರಬೇಕು. ಒಂದೂವರೆ ಅಡಿ ಅಂತರದ ಎರಡು ಸಾಲುಗಳು ಒಂದಕ್ಕೊಂದು ಓರೆಯಾಗಿದ್ದರೆ ಸಂದುಗಳು ಬೇಗ ಮುಚ್ಚುತ್ತವೆ. ನೀರು ನಿಲ್ಲುವ ಜಾಗವಾದರೆ ಮೊದಲು ಸಣ್ಣ ದರೆ ಏರಿಸಬೇಕು. ಕೇಪಳದ ಗಿಡಗಳನ್ನು ಕಾಡಿನಿಂದ ಬೇರುಸಹಿತ ಕೀಳುವುದು ಬೇಡ. ಹಣ್ಣಿನ ಬೀಜದಿಂದ, ಕಡ್ಡಿಯಿಂದ ಸಸಿ ಮಾಡಿಕೊಳ್ಳಬಹುದು.

ಬೇಲಿ ನೆಡುವವರು ಹೆಚ್ಚಾಗಿ ಮಾಡುವ ತಪ್ಪು ಎರಡನೆಯ ವರ್ಷದ್ದು. ಗಿಡ ಎತ್ತರಕ್ಕೆ ಹೋಗಲೆಂದು ಬಿಟ್ಟರೆ ಬುಡ ಬೋಳಾಗಿ, ಮರೆ ಬೇಕಾದಲ್ಲಿಯೇ ಮರೆ ಇಲ್ಲವಾಗುತ್ತದೆ. ಎರಡನೆಯ ಮಳೆಗಾಲದ ಆರಂಭದಲ್ಲಿ ಧೈರ್ಯ ಮಾಡಿ ಒಂದಡಿ ಎತ್ತರಕ್ಕೆ ಕತ್ತರಿಸಬೇಕು. ಆಗ ಬುಡದಿಂದಲೇ ಕವಲುಗಳು ಒಡೆಯುತ್ತವೆ. ಮುಂದೆ ವರ್ಷಕ್ಕೊಂದು ಸವರುವಿಕೆ ಸಾಕು. ಬೇಲಿಯ ಬುಡ ಅಗಲ, ತಲೆ ಕಿರಿದಾಗಿರುವಂತೆ ಸವರಿದರೆ ಕೆಳಗಿನ ಎಲೆಗಳಿಗೂ ಬೆಳಕು ಸಿಗುತ್ತದೆ. ಪಿಕಳಾರ, ಟುವ್ವಿಹಕ್ಕಿಗಳ ಗೂಡಿದೆಯೇ ಎಂದು ನೋಡಿಯೇ ಕತ್ತಿ ಎತ್ತಬೇಕು. ‘ಆರೈಕೆಯೇ ಬೇಡದ ಬೇಲಿ’ ಎಂದು ಯಾರಾದರೂ ಮಾರಲು ಬಂದರೆ ಅನುಮಾನಿಸಬೇಕು. ಲಂಟಾನ ಬಂದದ್ದೂ ಅದೇ ಮಾತಿನೊಂದಿಗೆ. ಕಡಿಮೆ ಆರೈಕೆ ಎಂದರೆ ಆರೈಕೆ ಇಲ್ಲವೆಂದಲ್ಲ, ವರ್ಷಕ್ಕೆರಡು ದಿನದ ಪ್ರೀತಿಯ ಕೆಲಸ ಎಂದರ್ಥ.

ಯಾರು ಮಾಡಬೇಕು?

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಆ ದಾಖಲಾತಿಯಲ್ಲಿ ಬೇಲಿಗಳಿಗೆ ಒಂದು ಪುಟವಿರಲಿ. ಯಾವ ಊರಿನ ಯಾವ ಹಳೆಯ ಬೇಲಿಯಲ್ಲಿ ಯಾವ ಗಿಡಗಳಿವೆ, ಕಡ್ಡಿ ಯಾರ ಹಿತ್ತಿಲಿನಲ್ಲಿ ಸಿಗುತ್ತದೆ ಎಂಬುದನ್ನು ಬರೆದಿಟ್ಟರೆ ಅದು ಕಪಾಟಿನಲ್ಲಿ ಕೊಳೆಯುವ ಕಾಗದವಾಗದೆ ಊರಿನ ಬೀಜಕಣಜವಾಗುತ್ತದೆ. ಪಂಚಾಯಿತಿ, ಶಾಲೆ, ಆಸ್ಪತ್ರೆಗಳ ಆವರಣಗಳಲ್ಲಿ ದುರಂಟಾ ನೆಡುವುದು ಮೊದಲು ನಿಲ್ಲಲಿ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳು ಮರದ ಸಸಿಗಳ ಜತೆಗೆ ಕೇಪಳ, ಕವಳಿ, ಲಕ್ಕಿಗಳನ್ನೂ ಬೆಳೆಸಲಿ ಎಂದು ಗ್ರಾಮಸಭೆಗಳು ಠರಾವು ಮಾಡಲಿ.

ವಿದ್ಯಾರ್ಥಿಗಳಿಗೆ ಇಲ್ಲಿ ಪುಸ್ತಕದಾಚೆಯ ಕೆಲಸವಿದೆ. ಇಂಗ್ಲೆಂಡಿನ ಮ್ಯಾಕ್ಸ್ ಹೂಪರ್ ಎಂಬ ವಿಜ್ಞಾನಿ ಬೇಲಿಯ 30 ಗಜದ ತುಂಡಿನಲ್ಲಿರುವ ಮರ, ಪೊದೆಗಳ ಪ್ರಭೇದಗಳನ್ನು ಎಣಿಸಿ, ಒಂದೊಂದು ಪ್ರಭೇದಕ್ಕೆ ಸುಮಾರು ಒಂದು ಶತಮಾನದಂತೆ ಬೇಲಿಯ ವಯಸ್ಸನ್ನು ಅಂದಾಜಿಸುವ ಕ್ರಮವನ್ನು ಪ್ರಚಾರಕ್ಕೆ ತಂದ. ಆ ಲೆಕ್ಕ ಮಲೆನಾಡಿಗೆ ಹೊಂದದಿರಬಹುದು, ಎಣಿಸುವ ಅಭ್ಯಾಸ ಖಂಡಿತ ಹೊಂದುತ್ತದೆ. ಎರಡನೆಯ ಮಹಾಯುದ್ಧದ ನಂತರ ಹೆಚ್ಚು ಬೆಳೆಯ ಆಸೆಗೆ ಅಪಾರ ಉದ್ದದ ಬೇಲಿಗಳನ್ನು ಕಿತ್ತೊಗೆದ ಅದೇ ದೇಶ, ಗ್ರಾಮಾಂತರದ ಹಳೆಯ ಮುಖ್ಯ ಬೇಲಿಗಳನ್ನು ಅನುಮತಿಯಿಲ್ಲದೆ ಕೀಳಬಾರದೆಂದು 1997ರಲ್ಲಿ ನಿಯಮ ಮಾಡಿತು. ಕಳೆದುಕೊಂಡ ಮೇಲೆ ಕಾನೂನು ಮಾಡುವುದು ಸಿರಿವಂತ ದೇಶಗಳ ರೂಢಿ. ಶಾಲೆಗೆ ನಡೆಯುವ ದಾರಿಯ ನೂರು ಹೆಜ್ಜೆ ಬೇಲಿಯಲ್ಲಿ ಎಷ್ಟು ಬಗೆಯ ಗಿಡ, ಎಷ್ಟು ಗೂಡು, ಎಷ್ಟು ಚಿಟ್ಟೆ ಎಂದು ಬರೆದು, ಪಕ್ಕದ ಸಿಮೆಂಟ್ ಗೋಡೆಯ ನೂರು ಹೆಜ್ಜೆಯ ಲೆಕ್ಕವನ್ನು ಅದರೆದುರು ಇಟ್ಟರೆ, ಭಾಷಣಕ್ಕಿಂತ ದೊಡ್ಡ ವಾದ ಸಿದ್ಧವಾಗುತ್ತದೆ.

1983ರಲ್ಲಿ ಶಿರಸಿಯ ಸಲ್ಕಣಿಯ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡಾಗ ಹುಟ್ಟಿದ ಚಳವಳಿ ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತುಗಳನ್ನು ಮಲೆನಾಡಿಗೆ ಕೊಟ್ಟಿತು. ಕಾಡಿನ ಭವಿಷ್ಯವನ್ನು ತೀರ್ಮಾನಿಸುವ ಅಧಿಕಾರ ಹಳ್ಳಿಗನ ಕೈಯಲ್ಲಿ ಇನ್ನೂ ಪೂರ್ತಿ ಬಂದಿಲ್ಲ. ಅಂಗಳದ ಅಂಚಿನದು ಮಾತ್ರ ಇಂದಿಗೂ ಅವನ ಕೈಯಲ್ಲಿದೆ. ಹಳೆಯ ಬೇಲಿಯನ್ನು ಉಳಿಸಲು, ಹೊಸತನ್ನು ಬೆಳೆಸಲು, ಅದರ ಸೊಪ್ಪು, ಹೂವು, ಕಾಯಿಗಳನ್ನು ಬಳಸಲು ಸರ್ಕಾರದ ಅಪ್ಪಣೆ ಬೇಕಿಲ್ಲ, ಗುತ್ತಿಗೆದಾರನ ಸಿಮೆಂಟೂ ಬೇಕಿಲ್ಲ. ಪಕ್ಕದ ಮನೆಯ ಹಿತ್ತಿಲಿಗೆ ಹೋಗಿ ಒಂದು ಹೊರೆ ಆಡುಸೋಗೆಯ ಕಡ್ಡಿ ಕೇಳಿದರೆ ಸಾಕು. ಮುಂದಿನ ಮೃಗಶಿರಕ್ಕೆ ಮೊದಲು ಆ ಮಾತು ಆಡಿರಬೇಕು.